ಇಂಡಿಗೆ ಹೊಸದಾಗಿ ಬಂದೀರಾ? ಲಿಂಬಿ ನಾಡಿನ ಊರು, ಜನ, ನೀರಿನ ಪರಿಚಯ ಇಲ್ಲಿದೆ

ಇಂಡಿ: ವರ್ಗಾವಣೆ ಆಗಿ ಬಂದ ಶಿಕ್ಷಕರು, ಬ್ಯಾಂಕ್ ಸಿಬ್ಬಂದಿ, ಅಂಗಡಿ ಹಾಕಲು ಜಾಗ ನೋಡುವವರು, ಬೀಗರ ಊರೆಂದು ಮೊದಲ ಸಲ ಬಂದವರು. ಇವರೆಲ್ಲರಿಗೂ ಇಂಡಿಯಲ್ಲಿ ಆಗುವ ಗೊಂದಲ ಹೆಚ್ಚುಕಡಿಮೆ ಒಂದೇ. ರೈಲಿನಿಂದ 'ಇಂಡಿ ರೋಡ್' ನಿಲ್ದಾಣದಲ್ಲಿ ಇಳಿದರೆ ಊರೇ ಕಾಣೂದಿಲ್ಲ. ಹಳೇ ಪುಸ್ತಕದಲ್ಲಿ 'ಇಂಡಿ ತಾಲೂಕು' ಎಂದು ಓದಿದ ಹಲಸಂಗಿ, ಇಂಚಗೇರಿ ಕೇಳಿದರೆ "ಅದು ಈಗ ಚಡಚಣ ತಾಲೂಕರಿ" ಎಂಬ ಉತ್ತರ ಬರುತ್ತದೆ. ಅಂಥವರಿಗಾಗಿ, ಇಲ್ಲಿಯವರೇ ಮರೆತ ಒಂದೆರಡು ಸಂಗತಿಗಳನ್ನೂ ಸೇರಿಸಿ, ಈ ಪರಿಚಯ.

ಎಲ್ಲಿದೆ, ಹೇಗೆ ಬರೂದು?

ಇಂಡಿ ವಿಜಯಪುರ ಜಿಲ್ಲೆಯ ಉತ್ತರ ಭಾಗದ ತಾಲೂಕು. ಆಚೆ ದಂಡೆಗೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ನಡುವೆ ಭೀಮಾ ನದಿ. ವಿಜಯಪುರದಿಂದ ಪಟ್ಟಣಕ್ಕೆ ಸುಮಾರು 55 ಕಿ.ಮೀ. ವಿಜಯಪುರ–ಸೊಲ್ಲಾಪುರ ಹೆದ್ದಾರಿ ಹೊರ್ತಿ, ಝಳಕಿ ಮೇಲೆ ಹಾದುಹೋಗುತ್ತದೆ. ಇಂಡಿ ಪಟ್ಟಣದೊಳಗೆ ಬರುವುದಿಲ್ಲ. ಹೊಟಗಿ–ಗದಗ ರೈಲು ಮಾರ್ಗದಲ್ಲಿ ನಿಂಬಾಳ, ಇಂಡಿ ರೋಡ್, ಲಚ್ಯಾಣ ನಿಲ್ದಾಣಗಳಿವೆ. ಹೆಸರಿನಲ್ಲಿ 'ರೋಡ್' ಇರೂದೇ ಅದಕ್ಕ: ಅಲ್ಲಿಂದ ಊರಿಗೆ ಮತ್ತೆ ರಸ್ತೆ ಹಿಡಿಯಬೇಕು.

2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 38 ಸಾವಿರ ಇತ್ತು. ಉಪವಿಭಾಗಾಧಿಕಾರಿ ಕಚೇರಿ ಇಂಡಿಯಲ್ಲೇ ಇರುವುದರಿಂದ ಹೊರಗಿನ ತಾಲೂಕಿನವರ ಓಡಾಟವೂ ಇದೆ. ಊರಿನ ಆರಾಧ್ಯ ದೈವ ಶಾಂತೇಶ್ವರ.

ಒಂದು ಕಡೆ ಭೀಮಾ, ಒಂದು ಕಡೆ ಕಾಲುವೆ

ಇಂಡಿ ಅರ್ಥ ಆಗಬೇಕೆಂದರೆ ಮೊದಲು ನೀರು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು. ಭೀಮಾ ದಂಡೆಯ ಊರುಗಳಿಗೆ ನದಿ ಆಧಾರ. ಅಲ್ಲಿ ಕಬ್ಬು ಹೆಚ್ಚು. ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಆದರೆ ಭೀಮೆಯ ಕೀಲಿ ಇರುವುದು ಮಹಾರಾಷ್ಟ್ರದ ಉಜನಿ ಜಲಾಶಯದಲ್ಲಿ. ಬೇಸಿಗೆಯಲ್ಲಿ ಅಲ್ಲಿಂದ ನೀರು ಬಿಡದಿದ್ದರೆ ಇಲ್ಲಿ ನದಿ ಪಾತ್ರ ಒಣಗುತ್ತದೆ. ಮಳೆಗಾಲದಲ್ಲಿ ಒಮ್ಮೆಲೇ ಬಿಟ್ಟರೆ ಹೊಲ ಮುಳುಗುತ್ತದೆ. 2020ರ ಅಕ್ಟೋಬರ್‌ನಲ್ಲಿ ದಂಡೆಯ ಊರುಗಳು ಅನುಭವಿಸಿದ್ದು ಇದನ್ನೇ.

ಇನ್ನೊಂದು ನೀರು ಕೃಷ್ಣೆಯದು. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯಿಂದ ಕವಲೊಡೆದ 'ಇಂಡಿ ಶಾಖಾ ಕಾಲುವೆ' ಈ ಕಡೆ ಬರುತ್ತದೆ. ಹೆಸರು ಇಂಡಿಯದಾದರೂ ಇಂಡಿ ಇರುವುದು ಅದರ ಕೊನೆ ಅಂಚಿನಲ್ಲಿ. ನೀರು ಬಿಡುವುದು 'ಚಾಲು–ಬಂದ್' ಪದ್ಧತಿಯಲ್ಲಿ. ಮೇಲಿನವರು ಬಳಸಿ ಉಳಿದದ್ದು ಕೆಳಗಿನವರಿಗೆ. "ಕಾಲುವಿ ಬಂದದ, ನೀರು ಬಂದಿಲ್ಲ" ಎಂಬ ದೂರು ಇಲ್ಲಿ ಹಳೇದು.

ಈ ಎರಡರ ನಡುವಿನ ಊರುಗಳಿಗೆ ಉಳಿದದ್ದು ಬಾವಿ, ಕೊಳವೆಬಾವಿ. 2024ರ ಏಪ್ರಿಲ್‌ನಲ್ಲಿ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎರಡು ವರ್ಷದ ಕೂಸನ್ನು ಸುಮಾರು 20 ತಾಸಿನ ಕಾರ್ಯಾಚರಣೆ ನಡೆಸಿ ಜೀವಂತ ಮೇಲೆತ್ತಿದ್ದು ನಾಡೆಲ್ಲ ನೋಡಿದ ಸುದ್ದಿ. ಅಂದು ಇಂಡಿ ಹೆಸರು ಟಿ.ವಿ.ಯಲ್ಲಿ ಬಂದಿತು. ಇಲ್ಲಿಯವರು ನೀರಿಗಾಗಿ ನೆಲ ಎಷ್ಟು ಕೊರೆಯುತ್ತಾರೆ ಎಂಬುದೂ ಅಂದೇ ಹೊರಗಿನವರಿಗೆ ಕಂಡಿತು.

ಲಿಂಬಿ ಲೆಕ್ಕ, ಗಲ್ಲಾ ಲೆಕ್ಕ

ಕಾಗದದ ಮೇಲೆ 'ಲಿಂಬೆ', ಬಾಯಲ್ಲಿ 'ಲಿಂಬಿ'. ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದು ಇಂಡಿಯಲ್ಲೇ. 'ಇಂಡಿ ಲಿಂಬೆ'ಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಬೇರೆ ಕಡೆ ಬೆಳೆದ ಹಣ್ಣನ್ನು ಈ ಹೆಸರಿನಲ್ಲಿ ಮಾರುವ ಹಾಗಿಲ್ಲ ಎಂಬುದು ಇದರ ಅರ್ಥ. ದರ ಸಿಗುತ್ತದೆ ಎಂಬ ಖಾತ್ರಿ ಇದರಲ್ಲಿ ಇಲ್ಲ. ಹೊಸಬರಷ್ಟೇ ಅಲ್ಲ, ಕೆಲವು ಬೆಳೆಗಾರರೂ ಈ ಎರಡನ್ನು ಒಂದೇ ಅಂತ ತಿಳಿಯುತ್ತಾರೆ.

ಲಿಂಬಿ ಗಿಡ ವರ್ಷಕ್ಕೆ ಮೂರು ಹಂಗಾಮಿನಲ್ಲಿ ಹೂ ಬಿಡುತ್ತದೆ. ಜನವರಿ–ಫೆಬ್ರವರಿಯ ಹೂವಿನ ಹಣ್ಣು ಮಳೆಗಾಲದ ಹೊತ್ತಿಗೆ ಬರುತ್ತದೆ. ಜೂನ್–ಜುಲೈ ಹೂವಿನದು ಚಳಿಗಾಲಕ್ಕೆ. ಸೆಪ್ಟೆಂಬರ್–ಅಕ್ಟೋಬರ್ ಹೂವಿನದು, ಅಂದರೆ ಹಸ್ತ ಬಹರ್, ಬೇಸಿಗೆಗೆ ಕೈಗೆ ಸಿಗುತ್ತದೆ. ಮಳೆಗಾಲದಲ್ಲಿ ಹಣ್ಣು ರಾಶಿ ಬಿದ್ದು ದರ ಕುಸಿಯುತ್ತದೆ. ಆಗ ಹರಿಯುವ ಕೂಲಿಯೂ ಹುಟ್ಟುವುದಿಲ್ಲ. ಬೇಸಿಗೆಯಲ್ಲಿ ಸೋಡಾ, ಶರಬತ್ತಿಗೆ ಬೇಡಿಕೆ ಏರಿ ದರವೂ ಏರುತ್ತದೆ. ಆದರೆ ಬೇಸಿಗೆಯ ಹಣ್ಣು ಕೈಗೆ ಬರಬೇಕಾದರೆ ಬೇಸಿಗೆಯಲ್ಲಿ ನೀರು ಇರಬೇಕು. ಇಂಡಿಯ ಎಲ್ಲ ಕಷ್ಟ ಈ ಒಂದು ಮಾತಿನಲ್ಲಿದೆ.

ಜೋಳ ಒಂದು ವರ್ಷ ಹೋದರೆ ಮರುವರ್ಷ ಬಿತ್ತಬಹುದು. ಲಿಂಬಿ ಹಾಗಲ್ಲ. ಸಸಿ ಹಚ್ಚಿದ ಮೇಲೆ ಹೇಳಿಕೊಳ್ಳುವಂಥ ಫಸಲು ಬರಲು ನಾಲ್ಕೈದು ವರ್ಷ ಬೇಕು. ಒಂದು ಬರಗಾಲದಲ್ಲಿ ತೋಟ ಒಣಗಿದರೆ ಅಷ್ಟೂ ವರ್ಷದ ದುಡಿಮೆ ಹೋದಂತೆ. ಅದಕ್ಕೇ ಬರದ ವರ್ಷಗಳಲ್ಲಿ ಬೆಳೆಗಾರರು ಸಾಲ ಮಾಡಿ ಟ್ಯಾಂಕರ್ ನೀರು ಹಾಕಿ ಗಿಡ ಬದುಕಿಸುತ್ತಾರೆ.

ಇದರ ಪೆಟ್ಟು ತೋಟಕ್ಕೆ ಮಾತ್ರ ಬೀಳುವುದಿಲ್ಲ. ಕಿರಾಣಿ, ಬಟ್ಟೆ, ಗೊಬ್ಬರದ ಅಂಗಡಿಗಳ ಉದ್ರಿ ಪುಸ್ತಕ ತೀರುವುದು ಲಿಂಬಿ, ಕಬ್ಬು, ತೊಗರಿ ರೊಕ್ಕ ಬಂದಾಗಲೇ. ಹೊಸದಾಗಿ ಅಂಗಡಿ ಹಾಕುವವರು ಊರಿನ ಜನಸಂಖ್ಯೆ ಕೇಳುವ ಮೊದಲು ಆ ವರ್ಷದ ಮಳೆ ಮತ್ತು ಲಿಂಬಿ ದರ ಕೇಳುವುದು ಒಳ್ಳೇದು.

ಯಾರ್ಯಾರು ಇದ್ದಾರೆ?

ಲಿಂಗಾಯತರು, ಕುರುಬರು, ಮುಸ್ಲಿಮರು, ದಲಿತರು, ತಳವಾರರು, ಮರಾಠರು, ತಾಂಡಾಗಳ ಲಂಬಾಣಿಗರು ತಾಲೂಕಿನಲ್ಲಿ ಕೂಡಿ ಬಾಳುತ್ತಾರೆ. ಮನೆಮಾತು ಕನ್ನಡ ಹೆಚ್ಚು. ಜೊತೆಗೆ ಮರಾಠಿ, ಉರ್ದು, ಲಂಬಾಣಿ ಕಿವಿಗೆ ಬೀಳುತ್ತವೆ. ಸಂತೆಯಲ್ಲಿ ಒಬ್ಬನೇ ವ್ಯಾಪಾರಿ ಮೂರು ಭಾಷೆಯಲ್ಲಿ ಚೌಕಾಸಿ ಮಾಡುವುದು ಸಾಮಾನ್ಯ.

1956ರವರೆಗೆ ಈ ಭಾಗ ಮುಂಬೈ ರಾಜ್ಯದಲ್ಲಿತ್ತು. ಗಡಿ ಬಂತು, ನಂಟು ತುಂಡಾಗಲಿಲ್ಲ. ಆಚೆಯ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದಲ್ಲಿ ಕನ್ನಡಿಗರಿದ್ದಾರೆ. ಹೆಣ್ಣು ಕೊಡೂದು, ತರೂದು ಇಂದಿಗೂ ನಡೆದಿದೆ. ದವಾಖಾನೆ, ದೊಡ್ಡ ಖರೀದಿಗೆ ವಿಜಯಪುರದಷ್ಟೇ ಸೊಲ್ಲಾಪುರವೂ ಹತ್ತಿರ. ಮದುವೆ ಬಟ್ಟೆಗೆ ಮಾತ್ರ ಚಡಚಣದ ಜವಳಿ ಅಂಗಡಿಗಳೇ ಹೆಸರುವಾಸಿ.

ಮಾತಾಡುವಾಗ ಕೊನೆಗೆ 'ರಿ' ಸೇರಿಸಿದರೆ ಅರ್ಧ ಕೆಲಸ ಆದಂತೆ. ಹಿರಿಯರಿಗೆ ಕಾಕಾ, ಮಾಮಾ, ಹೆಣ್ಣುಮಕ್ಕಳಿಗೆ ಅಕ್ಕಾರ, ಅಂಗಡಿಯವರಿಗೆ ಸಾವಕಾರ್ರ. ಚಹಾ ಕೊಟ್ಟಾಗ ಬೇಡ ಅಂದರೆ ಬ್ಯಾಸರ ಮಾಡ್ಕೋತಾರ.

ಎಳ್ಳ ಅಮವಾಸ್ಯೆಯಂದು ಅಂಗಡಿ ಬಾಗಿಲು ಹಾಕಿದ್ದರೆ ಗಾಬರಿ ಬೇಡ. ಊರೆಲ್ಲ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪಲ್ಯ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೋಗಿರುತ್ತದೆ. ಮೊಹರಂ ಹಬ್ಬದಲ್ಲೂ ಹಳ್ಳಿಗಳಲ್ಲಿ ಎಲ್ಲ ಜಾತಿಯವರು ಸೇರುತ್ತಾರೆ.

ಸಾಲೋಟಗಿ: 945ರ ವಿದ್ಯಾರ್ಥಿ ನಿಲಯ

ಇಂಡಿ ಹತ್ತಿರದ ಸಾಲೋಟಗಿಗೆ ಜನ ಹೋಗುವುದು ಶಿವಯೋಗೇಶ್ವರ ದರ್ಶನಕ್ಕೆ. ಆದರೆ ಅಲ್ಲಿ ಸಿಕ್ಕ ಕಂಬದ ಶಾಸನ ಬೇರೆಯದೇ ಕಥೆ ಹೇಳುತ್ತದೆ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲಕ್ಕೆ, ಅವನ ಮಂತ್ರಿ ನಾರಾಯಣ ಇಲ್ಲಿ ತ್ರೈಪುರುಷ ದೇವರ ಶಾಲೆ ಕಟ್ಟಿಸಿದ. ಆಗ ಊರಿನ ಹೆಸರು ಪಾವಿಟ್ಟಗೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳಿದ್ದವು. ರಾತ್ರಿ ದೀಪ ಉರಿಸುವುದಕ್ಕೇ 12 ನಿವರ್ತನ ಭೂಮಿ ಬಿಟ್ಟಿದ್ದರು.

ಊರಿನವರೂ ಕೈ ಜೋಡಿಸಿದ್ದರು. ಮನೆಯಲ್ಲಿ ಮದುವೆಯಾದರೆ 5 ನಾಣ್ಯ, ಮುಂಜಿಯಾದರೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ ಶಾಲೆಗೆ ಕೊಡಬೇಕು ಎಂಬ ಕಟ್ಟಳೆ ಇತ್ತು. ಸಾವಿರ ವರ್ಷದ ಹಿಂದೆ ಇಷ್ಟು ಲೆಕ್ಕಾಚಾರದಿಂದ ಶಾಲೆ ನಡೆಸಿದ ಊರು ಇದು.

ಹಾಡು ಕೂಡಿಸಿದವರು, ನಾಮ ಹಿಡಿದವರು

ಹಲಸಂಗಿ ಈಗ ಚಡಚಣ ತಾಲೂಕಿಗೆ ಸೇರಿದ್ದರೂ ಇಂಡಿ ಪರಿಚಯ ಅದಿಲ್ಲದೆ ಮುಗಿಯುವುದಿಲ್ಲ. ಮಧುರಚೆನ್ನ (1903–1953), ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿದ 'ಹಲಸಂಗಿ ಗೆಳೆಯರು' ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಹಾಡು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಹಳ್ಳಿ ಹಾಡು ಪುಸ್ತಕವಾಗಬಲ್ಲದು ಎಂದು ಕನ್ನಡ ನಾಡಿಗೆ ತೋರಿಸಿದ ಕೆಲಸಗಳಲ್ಲಿ ಅದೂ ಒಂದು.

ಇಂಚಗೇರಿ ಮಠ ಭಾವುಸಾಹೇಬ ಮಹಾರಾಜರಿಂದ ಬೆಳೆದದ್ದು. ಅವರ ಶಿಷ್ಯ ಗುರುದೇವ ರಾನಡೆ (1886–1957) ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ತತ್ತ್ವಜ್ಞಾನಿ. ನೆಲೆ ನಿಂತದ್ದು ನಿಂಬಾಳದಲ್ಲಿ. ಮುಂಬೈನ ನಿಸರ್ಗದತ್ತ ಮಹಾರಾಜರೂ ಇದೇ ಪರಂಪರೆಯವರು.

ಜಿಲ್ಲೆಯ ಕನಸು

ಇಂಡಿಯನ್ನು ಪ್ರತ್ಯೇಕ ಜಿಲ್ಲೆ ಮಾಡಬೇಕೆಂಬ ಬೇಡಿಕೆ ಇದೆ. ಚಡಚಣ ತಾಲೂಕಾದಾಗ ಕಚೇರಿ ಹತ್ತಿರ ಬಂದವು, ಸರಿ. ಆದರೆ ಕೊನೆ ಅಂಚಿನ ರೈತನಿಗೆ ಜಿಲ್ಲೆಯ ಬೋರ್ಡಿಗಿಂತ ಮೊದಲು ಬೇಕಾದದ್ದು ಏಪ್ರಿಲ್‌ನಲ್ಲಿ ಕಾಲುವೆ ನೀರು. ಜಿಐ ಪಟ್ಟ, ಮಂಡಳಿ, ಜಿಲ್ಲೆ ಯಾವುದೇ ಬಂದರೂ ಗಿಡ ಹಸಿರಿದ್ದರೆ ಮಾತ್ರ ಅದಕ್ಕೆ ಬೆಲೆ.

ಬರುವವರು ಗಮನಿಸಿ

• ರೈಲಿಗೆ ಬರುವವರು ಇಂಡಿ ರೋಡ್‌ನಿಂದ ಪಟ್ಟಣಕ್ಕೆ ವಾಹನ ಮೊದಲೇ ವಿಚಾರಿಸಿ.
• ಹಲಸಂಗಿ, ಇಂಚಗೇರಿಯ ಸರ್ಕಾರಿ ಕೆಲಸಕ್ಕೆ ಹೋಗಬೇಕಾದ್ದು ಚಡಚಣಕ್ಕೆ.
• ಮಳೆಗಾಲದಲ್ಲಿ ಭೀಮಾ ದಂಡೆಗೆ ಹೋಗುವ ಮುನ್ನ ಉಜನಿಯಿಂದ ನೀರು ಬಿಟ್ಟಿದ್ದಾರೋ ಕೇಳಿಕೊಳ್ಳಿ.
• ಲಿಂಬಿ ಸಗಟು ಬೇಕಿದ್ದರೆ ದರ ಸಾವಿರ ಹಣ್ಣಿನ ಲೆಕ್ಕದಲ್ಲಿ ಹೇಳುತ್ತಾರೆ, ಕಿಲೋ ಲೆಕ್ಕದಲ್ಲಿ ಅಲ್ಲ.