ಋಣಾದಾನವೂ ಡಿಕ್ರಿಯ ಅಮಲ್ಜಾರಿಯೂ

ವ್ಯವಹಾರದಲ್ಲಿ ಜಯವನ್ನು ಪಡೆಯುವುದು ಒಂದು. ಗೆದ್ದ ಹಣವನ್ನು ಕೈಗೆ ತಂದುಕೊಳ್ಳುವುದು ಮತ್ತೊಂದು. ಭಾರತದಲ್ಲಿ ವ್ಯಾಜ್ಯಗಾರನ ಕಷ್ಟವು ಡಿಕ್ರಿಯಾದ ಮೇಲೆಯೇ ಮೊದಲಾಗುವುದೆಂಬ ಅಭಿಪ್ರಾಯವು 1872ರಲ್ಲಿ ಪ್ರಿವಿ ಕೌನ್ಸಿಲಿನಿಂದಲೇ ಹೊರಟಿತು. ಆದರೆ ಅದಕ್ಕೆ ಏಳು ಶತಮಾನಗಳಿಗೂ ಹಿಂದೆ ಕಲ್ಯಾಣದ ವಿಜ್ಞಾನೇಶ್ವರನು ಇದೇ ವಿಷಯವನ್ನು ವಿಚಾರಮಾಡಿರುವನು.

ವಿಜ್ಞಾನೇಶ್ವರನ ಆಶ್ರಯದಾತನಾದ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಇಂದಿನ ದಾವಣಗೆರೆ ಹರಿಹರಗಳ ಸೀಮೆಯು ಆಗ ಚಾಲುಕ್ಯರ ಸಾಮಂತರಾದ ಉಚ್ಚಂಗಿಯ ಪಾಂಡ್ಯರ ನೊಳಂಬವಾಡಿಗೆ ಸೇರಿದ್ದಿತು. ಗ್ರಂಥದ ವಿಧಿಗಳೆಲ್ಲವೂ ಊರೂರಿನ ಸಭೆಗಳಲ್ಲಿ ಅಕ್ಷರಶಃ ನಡೆದುವೆಂದು ಭಾವಿಸಲಾಗದು. ಆದರೂ ಅಂದಿನ ನ್ಯಾಯದೃಷ್ಟಿಯು ಮಿತಾಕ್ಷರೆಯಿಂದ ಸ್ಪಷ್ಟವಾಗುತ್ತದೆ.

ಸಾಲವಸೂಲಿಗೆ ಅಲ್ಲಿ ಐದು ಉಪಾಯಗಳು ಹೇಳಲ್ಪಟ್ಟಿವೆ. ಪ್ರೀತಿಯ ನುಡಿಯು ಧರ್ಮ. ಸಾಕ್ಷಿಪತ್ರಗಳಿಂದ ಸಾಧಿಸುವುದು ವ್ಯವಹಾರ. ಉತ್ಸವಾದಿಗಳ ನೆಪದಿಂದ ಒಡವೆಯನ್ನು ಪಡೆದು ಇಟ್ಟುಕೊಳ್ಳುವುದು ಛಲ. ಊಟವನ್ನು ಬಿಟ್ಟು ಕೂರುವುದು ಆಚರಿತ. ಸಂಕೋಲೆ ಮೊದಲಾದುವು ಬಲ. ನಮ್ಮ ಧರಣಿಯ ಹಳೆಯ ಬೇರು ಈ ನಾಲ್ಕನೆಯದರಲ್ಲಿದೆ. ರಾಜನ ಮೂಲಕ ವಸೂಲಾದರೆ ಸಾಲಗಾರನಿಂದ ನೂರಕ್ಕೆ ಹತ್ತು ದಂಡ. ಹಣ ಪಡೆದ ಧನಿಕನಿಂದ ನೂರಕ್ಕೆ ಐದು. ‘ಪ್ರಾಪ್ತಾರ್ಥ’, ಎಂದರೆ ಹಣ ಕೈಸೇರಿದವನು, ಎಂಬ ಯಾಜ್ಞವಲ್ಕ್ಯನ ವಿಶೇಷಣವು ಗಮನಾರ್ಹವು. ಧನಿಕನಿಗೆ ಹಣ ದೊರೆತ ಮೇಲಲ್ಲದೆ ರಾಜನಿಗೆ ಅವನಿಂದ ಪಾಲಿಲ್ಲ.

ಆ ಪದ್ಧತಿಯನ್ನು ಸರ್ವಥಾ ಹೊಗಳುವುದೂ ಯುಕ್ತವಲ್ಲ. ಬಡವನಾದ ಸಾಲಗಾರನು ಕೆಳಜಾತಿಯವನಾದರೆ ಸಾಲಕ್ಕೆ ಬದಲಾಗಿ ದುಡಿಯಬೇಕು. ಬ್ರಾಹ್ಮಣನಾದರೆ ಆದಾಯ ಬಂದಂತೆ ಮೆಲ್ಲಮೆಲ್ಲನೆ ತೀರಿಸಬಹುದು. ಬಡತನವು ಒಂದೇ ಆದರೂ ದಯೆಯು ಜಾತಿಯನ್ನು ನೋಡಿ ನಡೆಯಿತು.

ಬ್ರಿಟಿಷರ ನ್ಯಾಯಾಲಯಗಳು ಬಂದ ಮೇಲೆ ಸೆರೆಯ ಭಯವು ಎಲ್ಲರಿಗೂ ಸಮಾನವಾಯಿತು. 1875ರಲ್ಲಿ ದಖ್ಖನದ ರೈತರು ಸಾಹುಕಾರರ ಮೇಲೆದ್ದು ಸಾಲಪತ್ರಗಳನ್ನು ಸುಟ್ಟರು. 1879ರ ಶಾಸನವು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳ ಬೇಸಾಯಗಾರರನ್ನು ಹಣದ ಡಿಕ್ರಿಗಾಗಿ ಸೆರೆಯಲ್ಲಿಡುವುದನ್ನು ನಿಲ್ಲಿಸಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ಉಟ್ಟಬಟ್ಟೆ, ಅಡುಗೆಯ ಪಾತ್ರೆ, ಕಸುಬಿನ ಉಪಕರಣ, ಬೇಸಾಯದ ಎತ್ತುಗಳನ್ನು ಜಪ್ತಿಯಿಂದ ಹೊರಗಿಟ್ಟಿತು. ಶಕ್ತಿಯಿದ್ದೂ ಕೊಡದವನನ್ನು ಕೇವಲ ನಿರ್ಧನನಿಂದ ಬೇರ್ಪಡಿಸುವ ನಿಯಮವು 1936ರಲ್ಲಿ ಸೇರಿತು. ಬಡತನವೊಂದೇ ಸೆರೆಗೆ ಕಾರಣವಾಗಲಾರದೆಂದು ಸುಪ್ರೀಂ ಕೋರ್ಟು 1980ರಲ್ಲಿ ನಿರ್ಣಯಿಸಿತು. ಹೀಗೆ ಒಂದು ವರ್ಣಕ್ಕೆ ಮೀಸಲಾಗಿದ್ದ ದಯೆಯು ಎಲ್ಲ ಬಡವರ ಹಕ್ಕಾಯಿತು.

ಇನ್ನು ಧನಿಕನ ಪಕ್ಷವನ್ನು ನೋಡಬೇಕು. ಹತ್ತಿಯ ವ್ಯಾಪಾರದಿಂದ ಬೆಳೆದ ದಾವಣಗೆರೆಯಲ್ಲಿ, ವಿನೋಬನಗರದಂತಹ ಬಡಾವಣೆಯ ಚಿಕ್ಕ ಅಂಗಡಿಗಾರನೊಬ್ಬನು ಉದ್ದರಿಯ ಬಾಕಿಗಾಗಿ ಡಿಕ್ರಿಯನ್ನು ಪಡೆದನೆಂದು ಭಾವಿಸೋಣ. ಹಣವು ತಾನಾಗಿ ಬಾರದು. ಅವನು ಅಮಲ್ಜಾರಿಗೆ ಬೇರೆ ಅರ್ಜಿಯನ್ನು ಕೊಡಬೇಕು. ಎದುರಾಳಿಯ ಸ್ವತ್ತನ್ನು ಹುಡುಕಿ ತೋರಿಸಬೇಕು. ಸೆರೆಯನ್ನು ಕೋರಿದರೆ ಸೆರೆಯಾಳಿನ ಊಟದ ಭತ್ಯೆಯನ್ನೂ ತಾನೇ ಕಟ್ಟಬೇಕು. ಸಂಬಳವಾದರೆ ಮೊದಲ 1000 ರೂಪಾಯಿಯೂ ಉಳಿದುದರ ಮೂರರಲ್ಲಿ ಎರಡು ಪಾಲೂ ಜಪ್ತಿಗೆ ಸಿಕ್ಕವು. ಡಿಕ್ರಿಯ ಮೊತ್ತವು 2000 ರೂಪಾಯಿಯನ್ನು ಮೀರದಿದ್ದರೆ ಸೆರೆಯೇ ಇಲ್ಲ. ಕಾಯಲು 12 ವರ್ಷಗಳ ಅವಧಿಯುಂಟು. ಆದರೆ ಸಣ್ಣ ಬಾಕಿಯು ಅಷ್ಟು ಕಾಲ ಕಾಯಲಾರದು, ಖರ್ಚೇ ಅದನ್ನು ನುಂಗಿಬಿಡುವುದು.

ಕರ್ನಾಟಕದಿಂದ ಹೋದ ವ್ಯಾಜ್ಯವೊಂದರಲ್ಲಿಯೇ ಸುಪ್ರೀಂ ಕೋರ್ಟು 2021ರಲ್ಲಿ, ಅಮಲ್ಜಾರಿಯ ಅರ್ಜಿಗಳು ಆರು ತಿಂಗಳೊಳಗೆ ಮುಗಿಯಬೇಕೆಂದು ವಿಧಿಸಿತು. ಸಾಲಗಾರನ ಅನ್ನವನ್ನು ಕಾಯುವುದನ್ನು ನಮ್ಮ ನ್ಯಾಯವು ಚೆನ್ನಾಗಿ ಕಲಿತಿದೆ, ಅದರಿಂದ ಹಿಂದೆಗೆಯಬೇಕಾದುದಿಲ್ಲ. ಆದರೆ ಧನಿಕನು ‘ಪ್ರಾಪ್ತಾರ್ಥ’ನಾಗುವವರೆಗೂ ರಾಜನ ಕೆಲಸವು ಮುಗಿಯಲಿಲ್ಲವೆಂಬ ಪೂರ್ವಿಕರ ಎಣಿಕೆಯನ್ನು ಮರೆಯುವುದೂ ಉಚಿತವಲ್ಲ. ಕೊಡಬಲ್ಲವನೂ ಕೊಡದೆ ಉಳಿದರೆ ತೀರ್ಪು ಬರಿಯ ಕಾಗದವಾಗುವುದು.