ಹಳೆಯ ಸ್ಕ್ಯಾನರ್ ಮತ್ತು ಮುದ್ರಣ ಯಂತ್ರಗಳನ್ನು ಹೊಸ ಗಣಕಯಂತ್ರದೊಂದಿಗೆ ಬಳಸುವ ಬಗ್ಗೆ: ಕೆಂಗೇರಿ ಹೋಬಳಿಯ ಅರ್ಜಿದಾರರಿಗೆ ಮಾಹಿತಿ

ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳಿಗೆ ನಾಡಕಚೇರಿ ಜಾಲತಾಣದಲ್ಲಿಯೂ, ದಸ್ತಾವೇಜು ನೋಂದಣಿಗೆ 2023ರಲ್ಲಿ ಜಾರಿಗೆ ಬಂದ ಕಾವೇರಿ 2.0 ತಂತ್ರಾಂಶದಲ್ಲಿಯೂ, ಇತರೆ ಅನೇಕ ಸೇವೆಗಳಿಗೆ ಸೇವಾ ಸಿಂಧುವಿನಲ್ಲಿಯೂ ಸಾರ್ವಜನಿಕರು ಮನೆಯಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿಯೊಂದಿಗೆ ದಾಖಲೆಗಳ ಸ್ಕ್ಯಾನ್ ಪ್ರತಿಯನ್ನು ಲಗತ್ತಿಸಬೇಕಾಗುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಹಾಗೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮುಕ್ತಾಯವಾಗಿರುವುದರಿಂದ ಹಲವರು ವಿಂಡೋಸ್ 11 ಇರುವ ಗಣಕಯಂತ್ರ ಬಳಸುತ್ತಿದ್ದಾರೆ. ಇದಕ್ಕೆ ಹಳೆಯ ಸ್ಕ್ಯಾನರ್ ಜೋಡಿಸಿದಾಗ ದೀಪ ಹೊತ್ತಿಯೂ ಕೆಲಸ ನಡೆಯದಿದ್ದಲ್ಲಿ, ಯಂತ್ರವು ಕೆಟ್ಟಿದೆಯೆಂದು ಗುಜರಿಗೆ ಹಾಕಬೇಕಾಗಿಲ್ಲ. ಬಹುತೇಕ ಸಂದರ್ಭಗಳಲ್ಲಿ ದೋಷವು ಯಂತ್ರವನ್ನು ನಡೆಸುವ ಚಾಲಕ ತಂತ್ರಾಂಶ, ಅಂದರೆ ಡ್ರೈವರ್‌ಗೆ ಸಂಬಂಧಿಸಿದ್ದಾಗಿರುತ್ತದೆ.

ಕಾರಣಗಳು

ವಿಂಡೋಸ್ 11 ಕೇವಲ 64 ಬಿಟ್ ಆವೃತ್ತಿಯಲ್ಲಿ ಲಭ್ಯವಿದೆ. ಹಳೆಯ 32 ಬಿಟ್ ಅನ್ವಯಗಳು ಇದರಲ್ಲಿ ನಡೆಯಬಹುದಾದರೂ 32 ಬಿಟ್ ಡ್ರೈವರ್ ಯಾವ ಉಪಾಯದಿಂದಲೂ ನಡೆಯದು. ಅನೇಕರು ಪ್ರಯತ್ನಿಸುವ 'ಕಂಪ್ಯಾಟಿಬಿಲಿಟಿ ಮೋಡ್' ಸೌಲಭ್ಯವು ಅನುಸ್ಥಾಪನಾ ಕಡತವನ್ನು ತೆರೆಯಲು ನೆರವಾಗಬಹುದೇ ಹೊರತು ಡ್ರೈವರ್‌ನ ಸ್ವರೂಪವನ್ನು ಬದಲಾಯಿಸುವುದಿಲ್ಲ. ಇದಲ್ಲದೆ, ವಿಸ್ಟಾ ಕಾಲದಿಂದ 64 ಬಿಟ್ ವಿಂಡೋಸ್ ವ್ಯವಸ್ಥೆಯ ಒಳಪದರದಲ್ಲಿ ಕೆಲಸ ಮಾಡುವ ಡ್ರೈವರ್‌ಗಳಿಗೆ ಡಿಜಿಟಲ್ ಸಹಿ ಕಡ್ಡಾಯವಾಗಿದೆ.

ಅನುಸರಿಸಬೇಕಾದ ಕ್ರಮ

ಮೊದಲಿಗೆ ವಿಂಡೋಸ್ ಅಪ್‌ಡೇಟ್‌ನ ಐಚ್ಛಿಕ ಅಪ್‌ಡೇಟ್ ವಿಭಾಗವನ್ನು ಪರಿಶೀಲಿಸುವುದು. ಅಲ್ಲಿ ದೊರೆಯದಿದ್ದಲ್ಲಿ ಡಿವೈಸ್ ಮ್ಯಾನೇಜರ್‌ನಲ್ಲಿ ಯಂತ್ರದ ಹಾರ್ಡ್‌ವೇರ್ ಐಡಿ ನೋಡಿಕೊಂಡು, ತಯಾರಕರ ಅಧಿಕೃತ ಜಾಲತಾಣದಿಂದ ಮಾತ್ರ 64 ಬಿಟ್ ಡ್ರೈವರ್ ಪಡೆಯುವುದು. ವಿಂಡೋಸ್ 10ಕ್ಕೆಂದು ನೀಡಿದ 64 ಬಿಟ್ ಡ್ರೈವರ್ ವಿಂಡೋಸ್ 11ರಲ್ಲಿಯೂ ಅನೇಕ ವೇಳೆ ಕೆಲಸ ಮಾಡುತ್ತದೆ. ತಯಾರಕರೇ ಕೈಬಿಟ್ಟಿರುವ ಸ್ಕ್ಯಾನರ್‌ಗಳ ಪೈಕಿ ಹಲವು ಲಿನಕ್ಸ್ ವ್ಯವಸ್ಥೆಯ 'ಸೇನ್' ತಂತ್ರಾಂಶದಲ್ಲಿ ಇಂದಿಗೂ ನಡೆಯುತ್ತವೆ. ಮನೆಯ ಹಳೆಯ ಗಣಕಯಂತ್ರವನ್ನು ಈ ಒಂದು ಕೆಲಸಕ್ಕೆಂದೇ ಮೀಸಲಿಡಬಹುದು.

ಡಾಟ್ ಮ್ಯಾಟ್ರಿಕ್ಸ್ ಮುದ್ರಣ ಯಂತ್ರವಿರುವವರು ವಿಂಡೋಸ್‌ನ 'ಜೆನೆರಿಕ್ ಟೆಕ್ಸ್ಟ್ ಓನ್ಲಿ' ಡ್ರೈವರ್ ಬಳಸುವುದುಂಟು. ಆದರೆ ಇದು ಯಂತ್ರದೊಳಗಿನ ಅಕ್ಷರಗಳನ್ನಷ್ಟೇ ಮುದ್ರಿಸುವುದರಿಂದ ಪಹಣಿ ಮುಂತಾದ ಕನ್ನಡ ದಾಖಲೆಗಳಿಗೆ ಉಪಯೋಗವಿಲ್ಲ. ಕನ್ನಡವನ್ನು ಚಿತ್ರರೂಪದಲ್ಲಿ ಕಳುಹಿಸಬಲ್ಲ ಡ್ರೈವರ್ ಅಗತ್ಯ.

ಎಚ್ಚರಿಕೆ

ಸಹಿಯಿಲ್ಲದ ಡ್ರೈವರ್ ಅಳವಡಿಸಲು ಸಹಿ ಪರಿಶೀಲನೆಯನ್ನಾಗಲಿ 'ಮೆಮೊರಿ ಇಂಟೆಗ್ರಿಟಿ' ರಕ್ಷಣೆಯನ್ನಾಗಲಿ ನಿಲ್ಲಿಸುವಂತೆ ಕೆಲವರು ಸಲಹೆ ನೀಡುತ್ತಾರೆ. ಡ್ರೈವರ್ ವ್ಯವಸ್ಥೆಯ ಅತ್ಯಂತ ಒಳಗಿನ ಅಧಿಕಾರ ಪಡೆಯುವ ತಂತ್ರಾಂಶ. ಅದೇ ಗಣಕಯಂತ್ರದಲ್ಲಿ ಆಧಾರ್ ಪ್ರತಿ, ಕ್ರಯಪತ್ರ ಮತ್ತು ಬ್ಯಾಂಕ್ ವಿವರಗಳಿರುವಾಗ ಮೂಲ ತಿಳಿಯದ ಡ್ರೈವರ್‌ಗೆ ಬಾಗಿಲು ತೆರೆಯುವುದು ಸ್ಕ್ಯಾನರ್‌ನ ಬೆಲೆಗಿಂತ ದುಬಾರಿಯಾದೀತು. ಡ್ರೈವರ್ ಹಾಕಿಕೊಡುವುದಾಗಿ ಕರೆ ಮಾಡಿ ದೂರನಿಯಂತ್ರಣ ತಂತ್ರಾಂಶ ಅಳವಡಿಸಲು ಹೇಳುವವರಿಗೆ ಓಟಿಪಿಯನ್ನು ತಿಳಿಸತಕ್ಕದ್ದಲ್ಲ.

ಬೆರಳಚ್ಚು ಸಾಧನಗಳ ವಿಷಯ ಬೇರೆ. ಆಧಾರ್ ದೃಢೀಕರಣಕ್ಕೆ ನೋಂದಾಯಿತ ಸಾಧನ ಹಾಗೂ ಅದರ ಆರ್‌ಡಿ ಸೇವೆ ಬೇಕಾಗಿದ್ದು, ಡ್ರೈವರ್ ಮಾತ್ರ ಸರಿಯಾದರೆ ಸಾಲದು.

ಮೇಲ್ಕಂಡ ಯಾವುದೂ ಫಲಿಸದಿದ್ದಲ್ಲಿ ಮೊಬೈಲ್ ದೂರವಾಣಿಯಿಂದ ದಾಖಲೆಯನ್ನು ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ, ಜಾಲತಾಣದಲ್ಲಿ ಸೂಚಿಸಿದ ಮಾದರಿ ಮತ್ತು ಗಾತ್ರದಲ್ಲಿ ಲಗತ್ತಿಸಬಹುದು. ಪ್ರಮಾಣ ಪತ್ರಗಳ ಅರ್ಜಿಯನ್ನು ನಾಡಕಚೇರಿಯಲ್ಲಿ ಖುದ್ದಾಗಿಯೂ ಸಲ್ಲಿಸಬಹುದು. 2012ರಿಂದ ಜಾರಿಯಲ್ಲಿರುವ ಸಕಾಲ ಯೋಜನೆಯ ವ್ಯಾಪ್ತಿಯ ಸೇವೆಗಳಿಗೆ ನಿಗದಿತ ಕಾಲಮಿತಿಯು ಅರ್ಜಿ ಸಲ್ಲಿಕೆಯಾಗಿ ಸ್ವೀಕೃತಿ ದೊರೆತ ನಂತರವೇ ಅನ್ವಯಿಸುವುದರಿಂದ, ಸ್ಕ್ಯಾನರ್ ಸರಿಹೋಗಲೆಂದು ಅರ್ಜಿಯನ್ನು ಅರ್ಧಕ್ಕೆ ಬಿಟ್ಟಿರುವ ಅವಧಿಯು ಇದರಲ್ಲಿ ಸೇರುವುದಿಲ್ಲ.