ಕೊಲಂಬಸ್‌ನ ಮೊದಲ ಯಾನ: ಲೆಕ್ಕ ತಪ್ಪಿದ್ದೆಲ್ಲಿ?

ಭೂಮಿ ಚಪ್ಪಟೆಯೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅದು ಗುಂಡಗಿದೆ ಎಂದು ಕೊಲಂಬಸ್ ಸಾಧಿಸಿ ತೋರಿಸಿದ ಎಂಬ ಮಾತನ್ನು ನೀವು ಕೇಳಿರಬಹುದು. ಇದು ಸರಿಯಲ್ಲ. ಕ್ರಿ.ಪೂ. 3ನೇ ಶತಮಾನದಲ್ಲೇ ಎರಟೋಸ್ತನೀಸ್ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ್ದ. 15ನೇ ಶತಮಾನದ ಯೂರೋಪಿನ ವಿದ್ವಾಂಸರಿಗೆ ಭೂಮಿ ಗೋಳಾಕಾರದಲ್ಲಿದೆ ಎಂಬುದು ತಿಳಿದೇ ಇತ್ತು. ವಿವಾದವಿದ್ದುದು ಆಕಾರದ ಬಗ್ಗೆ ಅಲ್ಲ, ಗಾತ್ರದ ಬಗ್ಗೆ.

ಪಶ್ಚಿಮಕ್ಕೆ ಸಾಗಿ ಏಷ್ಯಾ ತಲುಪುವುದು ಕೊಲಂಬಸ್‌ನ ಯೋಜನೆ. ಒಂದು ಡಿಗ್ರಿ ಅಕ್ಷಾಂಶಕ್ಕೆ 56⅔ ಮೈಲಿ ಎಂಬ ಅಂಕಿಯನ್ನು ಆತ 9ನೇ ಶತಮಾನದ ಖಗೋಳಜ್ಞ ಅಲ್-ಫರ್ಘಾನಿಯಿಂದ ಪಡೆದ. ಅಲ್-ಫರ್ಘಾನಿ ಬಳಸಿದ್ದು ಅರಬ್ ಮೈಲಿ. ಅದು 2 ಕಿ.ಮೀ.ಗೆ ಸಮೀಪ. ಕೊಲಂಬಸ್ ಅದನ್ನು ಸುಮಾರು 1.48 ಕಿ.ಮೀ. ಉದ್ದದ ರೋಮನ್ ಮೈಲಿ ಎಂದು ಭಾವಿಸಿದ. ಪರಿಣಾಮವಾಗಿ, 40,000 ಕಿ.ಮೀ. ಸುತ್ತಳತೆಯ ಭೂಮಿ ಅವನ ಲೆಕ್ಕದಲ್ಲಿ ಸುಮಾರು 30,000 ಕಿ.ಮೀ.ಗೆ ಕುಗ್ಗಿತು. ಇದರ ಜೊತೆಗೆ ಏಷ್ಯಾ ಖಂಡ ಪೂರ್ವಕ್ಕೆ ಬಹುದೂರ ಚಾಚಿದೆ ಎಂದೂ ಅವನು ನಂಬಿದ್ದ. ಹೀಗಾಗಿ ಕ್ಯಾನರಿ ದ್ವೀಪಗಳಿಂದ ಜಪಾನ್‌ಗೆ ಸುಮಾರು 4,500 ಕಿ.ಮೀ. ಎಂದು ತೀರ್ಮಾನಿಸಿದ. ನಿಜವಾದ ದೂರ ಇದರ ನಾಲ್ಕು ಪಟ್ಟಿಗೂ ಹೆಚ್ಚು! ಸ್ಪೇನಿನ ತಜ್ಞರ ಸಮಿತಿ ಈ ಯೋಜನೆಯನ್ನು ತಿರಸ್ಕರಿಸಿದ್ದು ಅಜ್ಞಾನದಿಂದಲ್ಲ. ದೂರದ ವಿಷಯದಲ್ಲಿ ಅವರೇ ಸರಿ.

ಕೊನೆಗೂ ರಾಜಮನೆತನದ ಒಪ್ಪಿಗೆ ದೊರೆತು, 1492ರ ಆಗಸ್ಟ್ 3ರಂದು ಸಾಂತಾ ಮರಿಯಾ, ಪಿಂಟಾ, ನೀನ್ಯಾ ಎಂಬ ಮೂರು ಹಡಗುಗಳು ಸುಮಾರು 90 ಜನರೊಂದಿಗೆ ಪಾಲೋಸ್ ಬಂದರನ್ನು ಬಿಟ್ಟವು. ಕ್ಯಾನರಿಯಲ್ಲಿ ದುರಸ್ತಿ ಮುಗಿಸಿ ಸೆಪ್ಟೆಂಬರ್ 6ರಂದು ಮುಂದೆ ಹೊರಟವು. ಇಲ್ಲಿ ಕೊಲಂಬಸ್‌ನ ನಾವಿಕ ಪರಿಣತಿಯನ್ನು ಮೆಚ್ಚಬೇಕು. ಆ ಅಕ್ಷಾಂಶಗಳಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಹಡಗುಗಳನ್ನು ಪಶ್ಚಿಮಕ್ಕೆ ಒಯ್ದವು. ಮರಳುವಾಗ ಆತ ಉತ್ತರಕ್ಕೆ ಸರಿದು ಪಶ್ಚಿಮ ಮಾರುತಗಳನ್ನು ಹಿಡಿದ.

ಸೆಪ್ಟೆಂಬರ್ 13ರಂದು ಭೌತವಿಜ್ಞಾನದ ದೃಷ್ಟಿಯಿಂದ ಕುತೂಹಲಕರವಾದ ಘಟನೆಯೊಂದು ನಡೆಯಿತು. ದಿಕ್ಸೂಚಿಯ ಮುಳ್ಳು ಧ್ರುವ ನಕ್ಷತ್ರದಿಂದ ಪಶ್ಚಿಮಕ್ಕೆ ವಾಲಿರುವುದು ಕಂಡಿತು. ಕೆಲವೇ ದಿನಗಳಲ್ಲಿ ನಾವಿಕರು ಕಂಗಾಲಾದರು. ದಿಕ್ಸೂಚಿಯೇ ಕೈಕೊಟ್ಟರೆ ನಡುಸಾಗರದಲ್ಲಿ ಗತಿಯೇನು? ಚಲಿಸುತ್ತಿರುವುದು ನಕ್ಷತ್ರ, ಮುಳ್ಳಲ್ಲ ಎಂದು ಕೊಲಂಬಸ್ ಸಮಾಧಾನ ಹೇಳಿದ. ಇದು ಅರ್ಧಸತ್ಯ. ಆಗ ಧ್ರುವ ನಕ್ಷತ್ರ ಖಗೋಳ ಧ್ರುವದಿಂದ ಸುಮಾರು 3.5 ಡಿಗ್ರಿ ದೂರದಲ್ಲಿದ್ದು ಅದನ್ನು ಸುತ್ತುತ್ತಿತ್ತು. ಆದರೆ ಮುಳ್ಳಿನ ದಿಕ್ಕೂ ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ. ಇದೇ ಕಾಂತೀಯ ದಿಕ್ಪಾತ.

ಅಕ್ಟೋಬರ್ 12ರ ನಸುಕಿನಲ್ಲಿ ಪಿಂಟಾದ ಕಾವಲುಗಾರನಿಗೆ ನೆಲ ಕಂಡಿತು. ಅದು ಬಹಾಮಾದ ದ್ವೀಪ. ಸ್ಥಳೀಯರ ಮಾತಿನಲ್ಲಿ ಗ್ವಾನಾಹಾನಿ. ಅಮೆರಿಕ ಖಂಡಗಳು ಅಡ್ಡ ಬರದಿದ್ದರೆ ಆಹಾರ, ನೀರು ಮುಗಿದು ಎಲ್ಲರೂ ಸಾಯುತ್ತಿದ್ದರು. ಆದರೆ ಬೆಲೆ ತೆತ್ತವರು ಬೇರೆಯವರು. ಕೊಲಂಬಸ್ 'ಇಂಡಿಯನ್ನರು' ಎಂದು ಕರೆದ ಟೈನೋ ಜನ ಮುಂದಿನ ಕೆಲವೇ ದಶಕಗಳಲ್ಲಿ ದಾಸ್ಯ, ಹಿಂಸೆ ಮತ್ತು ಹೊಸ ರೋಗಗಳಿಂದ ಬಹುಪಾಲು ನಾಶವಾದರು.

ಕೊಲಂಬಸ್ ಅರಸಿದ ಸಂಬಾರಗಳಲ್ಲಿ ಮೆಣಸೂ ಒಂದು. ಅಲ್ಲಿ ಕಂಡದ್ದು ಮೆಣಸಿನಕಾಯಿ. ಮುಂದೆ ಪೋರ್ಚುಗೀಸರ ಮೂಲಕ ಅದು ಭಾರತಕ್ಕೆ ಬಂದಾಗ, ಕನ್ನಡವೂ ಅದಕ್ಕೆ ಮೆಣಸಿನ ಹೆಸರನ್ನೇ ಕೊಟ್ಟಿತು.

ಶಿಕ್ಷಕರು 56⅔ ಮೈಲಿಯ ಲೆಕ್ಕವನ್ನು ಎರಡೂ ಮೈಲಿಗಳಲ್ಲಿ ತರಗತಿಯಲ್ಲಿ ಮಾಡಿಸಬಹುದು. ಮಾನವಿಲ್ಲದ ಅಂಕಿಗೆ ಅರ್ಥವಿಲ್ಲ ಎಂಬುದು ವಿದ್ಯಾರ್ಥಿಗಳಿಗೆ ಆಗ ತಾನಾಗಿಯೇ ಮನದಟ್ಟಾಗುತ್ತದೆ. ಗುರಿ ಮುಟ್ಟಿದ ಮಾತ್ರಕ್ಕೆ ಲೆಕ್ಕ ಸರಿಯಿತ್ತು ಎಂದು ಹೇಳಲಾಗದು ಎಂಬುದನ್ನೂ ಅವರೊಂದಿಗೆ ಚರ್ಚಿಸಿ.